ಅಂಕೆಗೆ ಬಂದ ಮನಸ್ಸು: ಕೊಬ್ಬರಿ ಸೀಮೆಯ ಅಂಕಚೌಕ ಮತ್ತು ಜೈನ ಗಣಿತ ಪರಂಪರೆ

ಕನ್ನಡದಲ್ಲಿ 'ಅಂಕೆ' ಎಂಬ ಮಾತಿಗೆ ಎರಡು ಅರ್ಥಗಳಿವೆ. ಸಂಖ್ಯೆಯನ್ನು ಸೂಚಿಸುವ ಗುರುತು ಎಂಬುದೊಂದು. ಹಿಡಿತ, ಹದ್ದುಬಸ್ತು ಎಂಬುದು ಇನ್ನೊಂದು. ಮಗ್ಗಿ ಕಲಿಯುವ ಹುಡುಗನ ಸ್ಲೇಟಿನ ಮೇಲಿರುವುದೂ ಅಂಕೆಯೇ. ಹೇಳಿದ ಮಾತು ಕೇಳದ ಎತ್ತಿನ ಬಗ್ಗೆ 'ಅಂಕೆಗೆ ಬರುತ್ತಿಲ್ಲ' ಎನ್ನುವಾಗ ಇರುವುದೂ ಅಂಕೆಯೇ. ಈ ಎರಡು ಅರ್ಥಗಳು ಒಂದೇ ಹಾಳೆಯ ಮೇಲೆ ಕೂಡಿದುದನ್ನು ನಾನು ಕಂಡದ್ದು ತುರುವೇಕೆರೆ ತಾಲ್ಲೂಕಿನ ಒಂದು ತೋಟದ ಮನೆಯ ಜಗಲಿಯಲ್ಲಿ.

ಅದು ನನ್ನ ಸೋದರಮಾವನ ಮನೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಮನೆಗಳೆಲ್ಲದರಂತೆ ಆ ಮನೆಗೂ ಒಂದು ಅಟ್ಟವಿದೆ. ಬಲಿತ ಕಾಯಿಗಳನ್ನು ಸುಲಿಯದೆ ಅಟ್ಟಕ್ಕೆ ಏರಿಸಿ ಹತ್ತು ಹನ್ನೊಂದು ತಿಂಗಳು ಹಾಗೆಯೇ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು, ಅಲುಗಿಸಿದಾಗ ಗುಡುಗುಡು ಸದ್ದು ಮಾಡುತ್ತದೆ. ಅನಂತರ ಸುಲಿದು, ಚಿಪ್ಪು ಒಡೆದು, ಮುಕ್ಕಾಗದಂತೆ ತೆಗೆದರೆ ಅದು ಉಂಡೆ ಕೊಬ್ಬರಿ. ಈ ಸೀಮೆಯ ಕೃಷಿಕನ ಒಂದು ವರ್ಷದ ದುಡಿಮೆ ಹೀಗೆ ತಲೆಯ ಮೇಲಿನ ಅಟ್ಟದಲ್ಲಿ ಕತ್ತಲಲ್ಲಿ ಕುಳಿತಿರುತ್ತದೆ. ಅದರ ಬೆಲೆ ಮಾತ್ರ ತಿಪಟೂರಿನ ಮಾರುಕಟ್ಟೆಯ ಹರಾಜಿನಲ್ಲಿ ಒಂದು ಅಂಕೆಯಾಗಿ ಹುಟ್ಟುತ್ತದೆ.

2023ರಲ್ಲಿ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ. ಮಾರುಕಟ್ಟೆಯ ದರ ಅದಕ್ಕಿಂತ ಸಾವಿರಾರು ರೂಪಾಯಿ ಕೆಳಗಿಳಿದಿತ್ತು. ಆ ವರ್ಷ ನಾನು ಹೋದಾಗ ಮಾವ ಕೊಬ್ಬರಿಯನ್ನು ಮಾರಿರಲಿಲ್ಲ. ಬೆಳಗಿನ ಬಸ್ಸಿನಲ್ಲಿ ಬಂದ ಪತ್ರಿಕೆಯನ್ನು ಮಡಿಸಿ, ತೊಡೆಯ ಮೇಲಿಟ್ಟುಕೊಂಡು, ಸುಡೊಕು ಚೌಕವನ್ನು ಪೆನ್ಸಿಲ್ಲಿನಿಂದ ತುಂಬುತ್ತಿದ್ದರು. ಮೊಬೈಲು ಪಕ್ಕದಲ್ಲಿ ಬೋರಲಾಗಿ ಮಲಗಿತ್ತು.

"ಇದರಿಂದ ಏನು ಸಿಗುತ್ತೆ ಮಾವ?" ಎಂದು ಕೇಳಿದೆ.

"ಏನೂ ಸಿಗಲ್ಲ ಕಣಪ್ಪ. ರೇಟು ನನ್ನ ಅಂಕೇಲಿಲ್ಲ. ಈ ಒಂಬತ್ತಾದ್ರೂ ನನ್ನ ಅಂಕೇಲಿರ್ಲಿ ಅಂತ" ಎಂದರು.

ಅವರು ಮಾತಿನ ಚಮತ್ಕಾರಕ್ಕೆ ಹೇಳಿದ್ದಲ್ಲ. ಆದರೆ ಆ ಮಾತು ನನ್ನಲ್ಲಿ ಒಂದು ಪ್ರಶ್ನೆಯಾಗಿ ಉಳಿಯಿತು. ಲಾಭ ನಷ್ಟಗಳಿಗೆ ಸಂಬಂಧವಿಲ್ಲದ ಅಂಕೆಗಳ ಜೋಡಣೆಯಲ್ಲಿ ಮನಸ್ಸು ನೆಮ್ಮದಿ ಕಾಣುವುದು ಪತ್ರಿಕೆಗಳ ಕಾಲದ ಹೊಸ ಹವ್ಯಾಸವೇ, ಅಥವಾ ನಮ್ಮ ಪರಂಪರೆಯಲ್ಲಿ ಅದಕ್ಕೆ ಬೇರುಗಳಿವೆಯೇ? ಬೇರುಗಳಿದ್ದರೆ, ಆ ನೆಮ್ಮದಿಯನ್ನು ನಮ್ಮ ಆಚಾರ್ಯರು ಯಾವ ಹೆಸರಿನಿಂದ ಕರೆದಾರು? ಪ್ರಸ್ತುತ ಲೇಖನ ಈ ಎರಡು ಪ್ರಶ್ನೆಗಳನ್ನು ಕುರಿತದ್ದು.

ಸುಡೊಕುವಿನ ವಂಶಾವಳಿ

ಸುಡೊಕು ಎಂಬುದು ಜಪಾನಿ ಹೆಸರು. ಆದರೆ ಆಟ ಹುಟ್ಟಿದ್ದು ಅಮೆರಿಕದಲ್ಲಿ. ಹೊವರ್ಡ್ ಗಾರ್ನ್ಸ್ ಎಂಬ ನಿವೃತ್ತ ವಾಸ್ತುಶಿಲ್ಪಿ ರಚಿಸಿದ ಚೌಕ 1979ರಲ್ಲಿ ಡೆಲ್ ಪ್ರಕಾಶನದ ಒಗಟುಗಳ ಪತ್ರಿಕೆಯಲ್ಲಿ 'ನಂಬರ್ ಪ್ಲೇಸ್' ಎಂಬ ಹೆಸರಿನಲ್ಲಿ ಬಂತು. 1984ರಲ್ಲಿ ಜಪಾನಿನ ನಿಕೋಲಿ ಸಂಸ್ಥೆ ಅದನ್ನು ಅಲ್ಲಿನ ಓದುಗರಿಗೆ ಪರಿಚಯಿಸಿತು. 2004ರಲ್ಲಿ ವೇಯ್ನ್ ಗೂಲ್ಡ್ ಎಂಬವರ ಯತ್ನದಿಂದ ಲಂಡನ್ನಿನ 'ದಿ ಟೈಮ್ಸ್' ಅದನ್ನು ಪ್ರಕಟಿಸಿದ ಮೇಲೆ ಲೋಕದ ಪತ್ರಿಕೆಗಳೆಲ್ಲ ಅದಕ್ಕೆ ಮೂಲೆಯೊಂದನ್ನು ಬಿಟ್ಟುಕೊಟ್ಟವು. ಅದರ ಹಿಂದೆ ಹದಿನೆಂಟನೆಯ ಶತಮಾನದ ಗಣಿತಜ್ಞ ಆಯ್ಲರನ ಲ್ಯಾಟಿನ್ ಚೌಕಗಳಿವೆ. 81 ಮನೆಗಳಲ್ಲಿ ಕನಿಷ್ಠ 17 ಅಂಕೆಗಳನ್ನಾದರೂ ಮೊದಲೇ ಕೊಡದಿದ್ದರೆ ಉತ್ತರ ಒಂದೇ ಆಗಲಾರದು ಎಂಬುದನ್ನು 2012ರಲ್ಲಿ ಗಣಕದ ನೆರವಿನಿಂದ ಸಾಧಿಸಿ ತೋರಿಸಲಾಯಿತು.

ಆಟದ ವಂಶಾವಳಿ ಇಷ್ಟು. ಆದರೆ ಅಂಕೆಗಳನ್ನು ಮನೆಗಳಲ್ಲಿ ಕೂರಿಸಿ ಸಂತೋಷಪಡುವ ಬುದ್ಧಿಯ ವಂಶಾವಳಿ ಇದಕ್ಕಿಂತ ದೀರ್ಘವಾದದ್ದು. ಒಂಬತ್ತು ಮನೆಗಳ ವಿನ್ಯಾಸವೂ ಈ ಸೀಮೆಗೆ ಹೊಸದಲ್ಲ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ದೇವಾಲಯದ ಭುವನೇಶ್ವರಿಯಲ್ಲಿ ನಡುವಿನ ಮನೆಯಲ್ಲಿ ನರ್ತಿಸುವ ಶಿವ, ಸುತ್ತಲಿನ ಎಂಟು ಮನೆಗಳಲ್ಲಿ ಎಂಟು ದಿಕ್ಪಾಲಕರು. ಯಾರು ಯಾವ ಮನೆಯಲ್ಲಿರಬೇಕೆಂಬುದು ದಿಕ್ಕಿನಿಂದ ನಿರ್ಧಾರವಾದದ್ದು. ಒಬ್ಬನು ತಪ್ಪಿದರೂ ಇಡೀ ಅಂಕಣ ತಪ್ಪುತ್ತದೆ. ಒಂಬತ್ತನೆಯ ಶತಮಾನದ ಆ ಶಿಲ್ಪಿ ಸುಡೊಕು ಬಲ್ಲವನೆಂದು ಹೇಳಲು ಹೊರಟಿಲ್ಲ. 'ಪ್ರತಿಯೊಂದಕ್ಕೂ ತನ್ನದೇ ಸ್ಥಾನ' ಎಂಬ ತೃಪ್ತಿ ಇಲ್ಲಿನ ಕಲ್ಲಿಗೂ ಗೊತ್ತಿತ್ತು ಎಂದಷ್ಟೇ ನನ್ನ ಅಭಿಪ್ರಾಯ.

ಮಹಾವೀರಾಚಾರ್ಯರ ಕಂಠಾಭರಣಗಳು

ಅದೇ ಒಂಬತ್ತನೆಯ ಶತಮಾನದಲ್ಲಿ, ಕ್ರಿ.ಶ. 850ರ ಸುಮಾರಿಗೆ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದರು. ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಿಂದ ಅದನ್ನು ಪ್ರಕಟಿಸಿದರು. ಪದ್ಮಾವತಮ್ಮನವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಹೊರಬಂತು. ಖಗೋಳಶಾಸ್ತ್ರದ ಅಂಗವಾಗಿ ಅಲ್ಲದೆ, ಗಣಿತವನ್ನೇ ಸ್ವತಂತ್ರ ವಿಷಯವಾಗಿ ಇಟ್ಟುಕೊಂಡ ಗ್ರಂಥವಿದು. ಗ್ರಂಥಾರಂಭದಲ್ಲಿ ಆಚಾರ್ಯರು ಗಣಿತದ ಉಪಯೋಗಗಳನ್ನು ಪಟ್ಟಿಮಾಡುತ್ತಾರೆ. ಲೌಕಿಕ, ವೈದಿಕ, ಧಾರ್ಮಿಕ ಕಾರ್ಯಗಳ ಜೊತೆಗೆ ಸಂಗೀತ, ನಾಟಕ, ಛಂದಸ್ಸು, ವೈದ್ಯ, ಅಡುಗೆಯವರೆಗೆ ಆ ಪಟ್ಟಿ ಬೆಳೆಯುತ್ತದೆ.

ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದದ್ದು ಗುಣಾಕಾರದ ಪ್ರಕರಣ. ಅಲ್ಲಿ ಆಚಾರ್ಯರು ಕೆಲವು ಲೆಕ್ಕಗಳನ್ನು ಕೊಟ್ಟು, ಬರುವ ಉತ್ತರಗಳನ್ನು ಕೊರಳ ಹಾರಗಳಿಗೆ ಹೋಲಿಸುತ್ತಾರೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಸಾಲು: 11111111. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು. 27994681ನ್ನು 441ರಿಂದ ಗುಣಿಸಿದರೆ 12345654321. ಆರರವರೆಗೆ ಏರಿ ಅದೇ ಮೆಟ್ಟಿಲುಗಳಿಂದ ಇಳಿದು ಬರುವ ಸಂಖ್ಯೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಇವೆಲ್ಲ ಒಂದೇ. ನಡುವೆ ಪದಕವಿದ್ದು ಎರಡೂ ಕಡೆ ಮಣಿಗಳು ಸಮನಾಗಿ ಇಳಿಯುವ ಹಾರದ ಹೋಲಿಕೆ ಆದ್ದರಿಂದ ಇಲ್ಲಿ ಸಾರ್ಥಕ.

ಯಾವ ವ್ಯಾಪಾರಿಗೂ, ಯಾವ ಶಾನುಭೋಗನಿಗೂ ಈ ಲೆಕ್ಕಗಳಿಂದ ಪ್ರಯೋಜನವಿಲ್ಲ. 441ರಿಂದ ಗುಣಿಸಿದಾಗ ಮಾತ್ರ ಹಾರವಾಗುವ ಗುಣ್ಯವನ್ನು ಆಯ್ದುಕೊಳ್ಳಬೇಕಾದರೆ ಉತ್ತರದಿಂದ ಹಿಂದಕ್ಕೆ ನಡೆದು ಬಂದಿರಬೇಕು. ಶಿಷ್ಯನು ಆ ಶ್ರಮವನ್ನು ಅರಿಯ. ಅವನು ಅಡ್ಡಾದಿಡ್ಡಿಯಾದ ಅಂಕೆಗಳನ್ನು ಗುಣಿಸುತ್ತ ಹೋಗುತ್ತಾನೆ, ಕೊನೆಯ ಸಾಲಿನಲ್ಲಿ ಗೊಂದಲ ತಾನಾಗಿ ಕ್ರಮಗೊಳ್ಳುತ್ತದೆ. ಸುಡೊಕುವಿನ ಕೊನೆಯ ಮನೆ ತುಂಬಿದಾಗ ಮಾವನ ಮುಖದಲ್ಲಿ ನಾನು ಕಂಡದ್ದು ಇದೇ ತೃಪ್ತಿ.

ಈ ಗ್ರಂಥದ ಇನ್ನೊಂದು ಸಮಸ್ಯೆ ತೋಟದ ಸೀಮೆಯವರಿಗೆ ಹಿಡಿಸುವಂಥದು. ಹಣ್ಣಿನ ಮರಗಳಿಂದ ತುಂಬಿದ ಕಾಡಂಚಿಗೆ 23 ಮಂದಿ ದಾರಿಹೋಕರು ಬರುತ್ತಾರೆ. ಅಲ್ಲಿ ಬಾಳೆಹಣ್ಣಿನ 63 ಸಮಾನ ರಾಶಿಗಳಿವೆ, ಜೊತೆಗೆ ಬಿಡಿ ಹಣ್ಣುಗಳು 7. ಎಲ್ಲವನ್ನೂ ಸಮನಾಗಿ ಹಂಚಿಕೊಂಡರೆ ಏನೂ ಉಳಿಯುವುದಿಲ್ಲ. ರಾಶಿಯೊಂದರಲ್ಲಿ ಎಷ್ಟು ಹಣ್ಣುಗಳು? ಆಚಾರ್ಯರು ಇದಕ್ಕೆ ಕುಟ್ಟೀಕಾರದ ವಿಧಾನವನ್ನು ಕಲಿಸುತ್ತಾರೆ. ಅತಿ ಚಿಕ್ಕ ಉತ್ತರ, ರಾಶಿಗೆ 5: ಒಟ್ಟು 322 ಹಣ್ಣು, ತಲೆಗೆ 14. ನಾನು ಬಾಳೆಹಣ್ಣಿನ ಬದಲು ತೆಂಗಿನಕಾಯಿ ಎಂದು ಹೇಳಿ ಮಾವನ ಮುಂದಿಟ್ಟೆ. ಅವರು ಬೀಜಗಣಿತದ ಗೋಜಿಗೆ ಹೋಗದೆ, ರಾಶಿಗೆ ಒಂದು, ಎರಡು, ಮೂರು ಎಂದು ಇಟ್ಟು ನೋಡುತ್ತ ಐದಕ್ಕೆ ಬಂದು ನಿಂತರು. "ಇವರು ಕಾಯಿ ಎಣಿಸಿದ್ದವರೇ ಇರಬೇಕು" ಎಂಬುದು ಆಚಾರ್ಯರ ಬಗ್ಗೆ ಅವರ ತೀರ್ಮಾನ.

ಕನ್ನಡದಲ್ಲಿಯೇ ಗಣಿತವನ್ನು ಬರೆದ ಗೌರವ ಹನ್ನೆರಡನೆಯ ಶತಮಾನದ ಜೈನ ಕವಿ ರಾಜಾದಿತ್ಯನದು. 'ವ್ಯವಹಾರಗಣಿತ', 'ಕ್ಷೇತ್ರಗಣಿತ', 'ಲೀಲಾವತಿ', 'ಚಿತ್ರಹಸುಗೆ' ಮೊದಲಾದವು ಅವನ ಕೃತಿಗಳು. ಹೆಸರುಗಳೇ ಹೇಳುವಂತೆ ಅವನ ಕಣ್ಣು ವ್ಯವಹಾರದ ಮೇಲಿದೆ. ಆದರೂ ಸೂತ್ರವನ್ನೂ ಉದಾಹರಣೆಯನ್ನೂ ಪದ್ಯವಾಗಿಸಿದ ಕಾರಣ ಲೆಕ್ಕವು ಬಾಯಿಪಾಠದ ಸೊತ್ತಾಯಿತು. ಬಾಯಿಪಾಠವಾದ ಲೆಕ್ಕ ಅಂಗಡಿಯ ಹೊರಗೂ, ಮಲಗುವ ಹೊತ್ತಿನಲ್ಲೂ ಜೊತೆಗಿರುತ್ತದೆ. ಕೂಲಿಮಠಗಳಲ್ಲಿ ಮಗ್ಗಿ ಹೇಳಿಸುತ್ತಿದ್ದ ಪದ್ಧತಿಯ ಹಿಂದೆಯೂ ಇದೇ ತಿಳಿವಳಿಕೆಯಿದೆ.

ಮೂವತ್ತನಾಲ್ಕು ಮತ್ತು ನೂರ ಎಪ್ಪತ್ತು

ಅಂಕೆಗಳನ್ನು ಚೌಕದ ಮನೆಗಳಲ್ಲಿ ಕೂರಿಸುವ ಕಲೆಗೆ ಜೈನ ಪರಂಪರೆಯಲ್ಲಿ ಪ್ರಸಿದ್ಧವಾದ ಎರಡು ನಿದರ್ಶನಗಳಿವೆ. ಖಜುರಾಹೊವಿನ ಪಾರ್ಶ್ವನಾಥ ಬಸದಿಯ ಬಾಗಿಲಲ್ಲಿ ಕೆತ್ತಿರುವ ಚೌಕ ಹೀಗಿದೆ:

7, 12, 1, 14
2, 13, 8, 11
16, 3, 10, 5
9, 6, 15, 4

ಅಡ್ಡಸಾಲು, ಕಂಬಸಾಲು, ಕರ್ಣ, ಯಾವುದನ್ನು ಕೂಡಿದರೂ 34. ಒಂದಕ್ಕೊಂದು ಅಂಟಿದ ಯಾವ ನಾಲ್ಕು ಮನೆಗಳ ಗುಂಪನ್ನು ಕೂಡಿದರೂ 34.

ಎರಡನೆಯದು ಶ್ವೇತಾಂಬರ ಪರಂಪರೆಯ ಪ್ರಾಕೃತ ಸ್ತೋತ್ರವಾದ 'ತಿಜಯಪಹುತ್ತ'ದಲ್ಲಿ ಅಡಕವಾಗಿರುವ ಸರ್ವತೋಭದ್ರ ಯಂತ್ರ:

25, 80, 15, 50
20, 45, 30, 75
70, 35, 60, 5
55, 10, 65, 40

ಇಲ್ಲಿ ಎತ್ತ ಕೂಡಿದರೂ 170. ಮನುಷ್ಯಲೋಕದಲ್ಲಿ ಏಕಕಾಲಕ್ಕೆ ಇರಬಹುದಾದ ತೀರ್ಥಂಕರರ ಗರಿಷ್ಠ ಸಂಖ್ಯೆ 170: ವಿದೇಹಕ್ಷೇತ್ರಗಳಲ್ಲಿ 160, ಐದು ಭರತ ಮತ್ತು ಐದು ಐರಾವತ ಕ್ಷೇತ್ರಗಳಲ್ಲಿ 10. ಈ ಗಣನೆ ದಿಗಂಬರ, ಶ್ವೇತಾಂಬರ ಎರಡೂ ಪರಂಪರೆಗಳಿಗೆ ಸಮಾನ. ವಿದ್ಯಾರ್ಥಿಗಳು ಈ ಚೌಕದ ಪ್ರತಿಯೊಂದು ಅಂಕೆಯನ್ನೂ ಐದರಿಂದ ಭಾಗಿಸಿ ನೋಡಬೇಕು. ದೊರೆಯುವುದು 1ರಿಂದ 16ರವರೆಗಿನ ಸಂಖ್ಯೆಗಳ, 34 ಮೊತ್ತದ ಚೌಕ. ಜೋಡಣೆ ಬೇರೆಯಾದರೂ ಖಜುರಾಹೊವಿನ ಚೌಕದ ಕುಲವೇ. 34ನ್ನು ಐದರಿಂದ ಗುಣಿಸಿದರೆ 170 ಆಗುತ್ತದೆಂಬ ಸಣ್ಣ ಸಂಗತಿಯನ್ನು ಹಿಡಿದು, ಲೋಕಾಕಾರದ ಒಂದು ಸಂಖ್ಯೆಯನ್ನು ಹದಿನಾರು ಮನೆಗಳಲ್ಲಿ ಮುಚ್ಚಿಟ್ಟವರ ಬುದ್ಧಿ ಮೆಚ್ಚತಕ್ಕದ್ದು. ಭಕ್ತನಿಗೆ ಅದು ಯಂತ್ರ, ಗಣಿತಜ್ಞನಿಗೆ ಚೌಕ. ದಿಗಂಬರ ಪರಂಪರೆಯು ಆಗಮವನ್ನು ನಾಲ್ಕು ಅನುಯೋಗಗಳಾಗಿ ವಿಂಗಡಿಸುವಾಗ ಲೋಕವಿಭಾಗ, ಕಾಲವಿಭಾಗಗಳ ಗಣನೆಯನ್ನು 'ಕರಣಾನುಯೋಗ'ವೆಂದು ಕರೆದು ಶಾಸ್ತ್ರದ ಒಂದು ಅಂಗವನ್ನಾಗಿಯೇ ಇರಿಸಿಕೊಂಡಿರುವುದನ್ನು ಇಲ್ಲಿ ನೆನೆಯಬೇಕು.

ಕನ್ನಡದ ಮಟ್ಟಿಗೆ ಅಂಕಚೌಕ ಎಂದೊಡನೆ ನೆನಪಾಗುವುದು ಕುಮುದೇಂದು ಮುನಿಯ 'ಸಿರಿಭೂವಲಯ'. ಅದರಲ್ಲಿ ಅಕ್ಷರಗಳಿಲ್ಲ. 27 ಅಡ್ಡಸಾಲು, 27 ಕಂಬಸಾಲುಗಳ ಚಕ್ರಗಳಲ್ಲಿ, ಅಂದರೆ ಚಕ್ರವೊಂದರ 729 ಮನೆಗಳಲ್ಲಿ, 1ರಿಂದ 64ರವರೆಗಿನ ಅಂಕೆಗಳಿವೆ. ಪ್ರತಿ ಅಂಕೆಯೂ ಒಂದು ಧ್ವನಿ. ನಿರ್ದಿಷ್ಟ ಬಂಧದ ಗತಿಯನ್ನು ಹಿಡಿದು ಮನೆಯಿಂದ ಮನೆಗೆ ನಡೆದರೆ ಸಾಂಗತ್ಯದ ಪದ್ಯ ಹೊರಡುತ್ತದೆ. ಯಲ್ಲಪ್ಪ ಶಾಸ್ತ್ರಿ, ಕರ್ಲಮಂಗಲಂ ಶ್ರೀಕಂಠಯ್ಯನವರ ಶ್ರಮದಿಂದ 1953ರಲ್ಲಿ ಅದರ ಭಾಗ ಅಚ್ಚಾಯಿತು. ಕೃತಿಯನ್ನು ಒಂಬತ್ತನೆಯ ಶತಮಾನದ್ದೆಂದು ಹೇಳುವವರಿದ್ದಾರೆ. ಆದರೆ ಸಾಂಗತ್ಯದ ಕಾವ್ಯಗಳು ನಮಗೆ ಕಾಣಸಿಗುವುದು ಹದಿಮೂರನೆಯ ಶತಮಾನದ ಶಿಶುಮಾಯಣನಿಂದೀಚೆಗೆ. ಆದ್ದರಿಂದ ಅಷ್ಟು ಹಿಂದಿನ ಕಾಲವನ್ನು ಒಪ್ಪುವುದು ಕಷ್ಟ. ಕಾಲದ ಚರ್ಚೆ ಏನೇ ಇರಲಿ, ಓದುವುದನ್ನೇ ಒಗಟು ಬಿಡಿಸುವ ಕೆಲಸವನ್ನಾಗಿ ಮಾಡಿದ ಕೃತಿ ಕನ್ನಡದಲ್ಲಿ ಇದೊಂದೇ. ಅವಸರದ ಓದುಗನಿಗೆ ಅದು ಒಂದು ಅಕ್ಷರವನ್ನೂ ಬಿಟ್ಟುಕೊಡುವುದಿಲ್ಲ.

ಆನುಪೂರ್ವಿ: ಉತ್ತರವಿಲ್ಲದ ಚೌಕ

ಇಷ್ಟರವರೆಗಿನ ನಿದರ್ಶನಗಳಲ್ಲಿ ಅಂಕೆಯ ಆನಂದವಿದೆ. ಮನಸ್ಸನ್ನು ಶಾಂತಗೊಳಿಸುವ ನಿತ್ಯದ ಅಭ್ಯಾಸವೆಂದು ಅಂಕೆಯನ್ನು ನೇರವಾಗಿ ಬಳಸಿದ ಪದ್ಧತಿ ಬೇರೊಂದಿದೆ. ಅದು ಶ್ವೇತಾಂಬರ ಜೈನರಲ್ಲಿ, ವಿಶೇಷವಾಗಿ ಸ್ಥಾನಕವಾಸಿಗಳಲ್ಲಿ, ಬಳಕೆಯಲ್ಲಿರುವ ಆನುಪೂರ್ವಿ.

ಆನುಪೂರ್ವಿ ಎಂಬುದು ಒಂದು ಪುಟ್ಟ ಪುಸ್ತಕ. ಅದರಲ್ಲಿ 20 ಕೋಷ್ಠಕಗಳು. ಒಂದೊಂದರಲ್ಲಿ ಆರು ಸಾಲು. ಒಂದೊಂದು ಸಾಲಿನಲ್ಲಿ 1ರಿಂದ 5ರವರೆಗಿನ ಅಂಕೆಗಳು, ಪ್ರತಿ ಸಾಲಿನಲ್ಲೂ ಬೇರೆ ಕ್ರಮದಲ್ಲಿ. ಮೊದಲ ಕೋಷ್ಠಕ 12345, 21345, 13245, 31245, 23145, 32145 ಎಂದು ಸಾಗುತ್ತದೆ. ಕೊನೆಯ ಎರಡು ಅಂಕೆಗಳು ಸ್ಥಿರವಾಗಿದ್ದು ಮೊದಲ ಮೂರು ಸ್ಥಾನ ಬದಲಾಯಿಸುತ್ತವೆ. ಮೂರು ಅಂಕೆಗಳಿಗೆ ಆರು ಕ್ರಮ, ಕೊನೆಯ ಜೋಡಿಗೆ ಇಪ್ಪತ್ತು ಬಗೆ, ಒಟ್ಟು 120. 1 ಎಂದಲ್ಲಿ ಅರಿಹಂತರಿಗೆ, 2 ಎಂದಲ್ಲಿ ಸಿದ್ಧರಿಗೆ, 3ಕ್ಕೆ ಆಚಾರ್ಯರಿಗೆ, 4ಕ್ಕೆ ಉಪಾಧ್ಯಾಯರಿಗೆ, 5ಕ್ಕೆ ಸಾಧುಗಳಿಗೆ ನಮಸ್ಕಾರ ಹೇಳಬೇಕು. ಹುಟ್ಟಿದಂದಿನಿಂದ ಕೇಳಿದ ಮಂತ್ರವನ್ನು ನಾಲಿಗೆ ತಾನಾಗಿ ಹೇಳಿಬಿಡುತ್ತದೆ, ಮನಸ್ಸು ಬೇರೆಲ್ಲೋ ಇರುತ್ತದೆ. ಕ್ರಮವನ್ನು ಕದಲಿಸಿದರೆ ನಾಲಿಗೆಯ ಅಭ್ಯಾಸ ಕೈಕೊಡುತ್ತದೆ. ಕಣ್ಣು, ಮನಸ್ಸು, ಮಾತು ಮೂರೂ ಒಂದೆಡೆ ಸೇರದ ಹೊರತು ಸಾಲು ಮುಂದೆ ಸಾಗದು.

ಈ ಸರಳ ಉಪಾಯದ ಹಿಂದೆ ಆಗಮದ ಗಣಿತವಿದೆ. 'ಅನುಯೋಗದ್ವಾರ ಸೂತ್ರ'ವು ಕ್ರಮವನ್ನು ಮೂರಾಗಿ ವಿಂಗಡಿಸುತ್ತದೆ: ಮೊದಲಿನಿಂದ ಕೊನೆಗೆ ಪೂರ್ವಾನುಪೂರ್ವಿ, ಕೊನೆಯಿಂದ ಮೊದಲಿಗೆ ಪಶ್ಚಾನುಪೂರ್ವಿ, ಉಳಿದೆಲ್ಲವೂ ಅನಾನುಪೂರ್ವಿ. ಅಂಕೆಗಳನ್ನು ಒಂದರಿಂದ ಮೊದಲ್ಗೊಂಡು ಪರಸ್ಪರ ಗುಣಿಸಿ ಎರಡನ್ನು ಕಳೆದರೆ ಅನಾನುಪೂರ್ವಿಯ ಸಂಖ್ಯೆ ದೊರೆಯುತ್ತದೆ. ಆರು ದ್ರವ್ಯಗಳಿಗೆ 720ರಲ್ಲಿ 2 ಕಳೆದು 718. ಐದು ಪರಮೇಷ್ಠಿಗಳಿಗೆ 118. ಇಂದು ಕಾಲೇಜಿನಲ್ಲಿ ಕ್ರಮಯೋಜನೆಯೆಂದು ಕಲಿಸುವ ತತ್ತ್ವ ನಿತ್ಯಪಾಠದ ಪುಸ್ತಕವಾಗಿ ಮನೆಗಳ ಮಾಡದಲ್ಲಿ ಕುಳಿತಿದೆ.

ತಿಪಟೂರಿನಲ್ಲಿ ನಮ್ಮ ಬಂಧುಗಳ ನೆರೆಮನೆಯ ಅಜ್ಜಿಯೊಬ್ಬರು ರಾಜಸ್ಥಾನ ಮೂಲದ ವ್ಯಾಪಾರಿ ಕುಟುಂಬದವರು. ಅವರ ಆನುಪೂರ್ವಿಯ ಪುಸ್ತಕವನ್ನು ಒಂದು ದಿನದ ಮಟ್ಟಿಗೆ ಕೇಳಿ ಪಡೆದು ಮಾವನಿಗೆ ತೋರಿಸಿದೆ. ಅವರು ಪೆನ್ಸಿಲ್ ಹುಡುಕಿದರು. ತುಂಬಲು ಖಾಲಿ ಮನೆಯೇ ಇಲ್ಲವೆಂದು ತಿಳಿದು ನಕ್ಕರು. ಅನಂತರ ಕುಳಿತು ಎರಡು ಕೋಷ್ಠಕಗಳನ್ನು ನಿಧಾನವಾಗಿ ಹೇಳಿದರು. "ಇದರಲ್ಲಿ ಗೆಲ್ಲೋದೇ ಇಲ್ವಲ್ಲಪ್ಪ" ಎಂದರು.

ಏಕಾಗ್ರತೆ ಎಲ್ಲವೂ ಧರ್ಮಧ್ಯಾನವಲ್ಲ

ಆ ಮಾತು ನಮ್ಮನ್ನು ಎರಡನೆಯ ಪ್ರಶ್ನೆಗೆ ಕರೆದೊಯ್ಯುತ್ತದೆ. ಉಮಾಸ್ವಾತಿಗಳ 'ತತ್ತ್ವಾರ್ಥಸೂತ್ರ'ದ ಒಂಬತ್ತನೆಯ ಅಧ್ಯಾಯ ಧ್ಯಾನವನ್ನು ಚಿತ್ತವು ಒಂದೇ ಆಲಂಬನದಲ್ಲಿ ನಿಲ್ಲುವುದೆಂದು ನಿರೂಪಿಸುತ್ತದೆ. ಆದರೆ ಅಷ್ಟಕ್ಕೇ ಅದನ್ನು ಒಳ್ಳೆಯದೆಂದು ಹೇಳುವುದಿಲ್ಲ. ಆರ್ತ, ರೌದ್ರ, ಧರ್ಮ, ಶುಕ್ಲ ಎಂದು ಧ್ಯಾನ ನಾಲ್ಕು ಬಗೆ. ಮೊದಲೆರಡು ಬಂಧಕ್ಕೆ ಕಾರಣ, ಕೊನೆಯ ಎರಡು ಮೋಕ್ಷಕ್ಕೆ. ಇಷ್ಟವಾದದ್ದು ಕೈತಪ್ಪಿತಲ್ಲ, ಅನಿಷ್ಟವಾದದ್ದು ಬಂತಲ್ಲ ಎಂದು ಅದನ್ನೇ ನೆನೆನೆನೆದು ಕೊರಗುವುದು ಆರ್ತಧ್ಯಾನ. ಹರಾಜಿನ ದಿನ ಬೆಳಗಿನಿಂದ ಮೊಬೈಲಿನ ಮೇಲೆ ಕಣ್ಣು ನೆಟ್ಟು ಕೂರುವ ಬೆಳೆಗಾರನಲ್ಲಿಯೂ ಏಕಾಗ್ರತೆಗೆ ಕೊರತೆಯಿಲ್ಲ. ಅಂಕೆ ಒಂದೇ, ಚಿತ್ತ ನಿಲ್ಲುವುದೂ ಒಂದೇ. ನಿಂತು ಏನು ಮಾಡುತ್ತದೆಂಬುದು ಬೇರೆ.

ಹಾಗಾದರೆ ಸುಡೊಕು ಎಲ್ಲಿ ನಿಲ್ಲುತ್ತದೆ? ನಾನು ಮಾವನನ್ನೇ ಕೇಳಿದೆ. ಅವರು ಮುಚ್ಚುಮರೆಯಿಲ್ಲದೆ ಹೇಳಿದರು: "ಕೂಡಿದ್ ದಿನ ಸಮಾಧಾನ. ಕೂಡ್ದೇ ಇದ್ದ ದಿನ ನಿಮ್ಮತ್ತೆ ಮೇಲೆ ರೇಗ್ತೀನಿ." ಈ ಮಾತಿನಲ್ಲಿ ಸುಡೊಕುವಿನ ಹಿರಿಮೆಯೂ ಮಿತಿಯೂ ಇವೆ. ಅದು ಚಿತ್ತವನ್ನು ಆರ್ತದಿಂದ ಅರ್ಧ ಗಂಟೆಯ ಕಾಲ ಬಿಡಿಸುತ್ತದೆ. ಕೆಲಸಕ್ಕೆ ಬಾರದ ಚಿಂತೆಗೆ ಎಡೆಗೊಡದೆ, ಕಾರಣದಿಂದ ಕಾರ್ಯಕ್ಕೆ ಹೆಜ್ಜೆ ಇಡುವ ಶಿಸ್ತನ್ನು ಕಲಿಸುತ್ತದೆ. ಇದು ಸಣ್ಣ ಉಪಕಾರವಲ್ಲ. ಆದರೆ ಉತ್ತರ ಬರಬೇಕೆಂಬ ಆಸೆ ಒಳಗೆ ಇರುವತನಕ ಅದು ಹೊಸದೊಂದು ಆರ್ತದ ಬೀಜವನ್ನೂ ಇಟ್ಟುಕೊಂಡಿರುತ್ತದೆ. ಮಹಾವೀರಾಚಾರ್ಯರ ಹಾರಗಳಲ್ಲಿ ಉತ್ತರ ಖಚಿತ, ಆದ್ದರಿಂದ ಕೊನೆಗೆ ಆನಂದ. ಆನುಪೂರ್ವಿಯಲ್ಲಿ ಉತ್ತರವೇ ಇಲ್ಲ, ಆದ್ದರಿಂದ ಸೋಲಿಲ್ಲ. ಕ್ರಮ 120 ಬಾರಿ ಕದಲಿದರೂ ವಂದ್ಯರು ಐವರೇ. ಒಗಟು ಮನಸ್ಸನ್ನು ಅಂಕೆಗೆ ತರುತ್ತದೆ. ಅಂಕೆಗೆ ಬಂದ ಮನಸ್ಸನ್ನು ಎತ್ತ ನಡೆಸಬೇಕೆಂಬುದನ್ನು ಅದು ಹೇಳದು. ಆ ಕೆಲಸ ನಮ್ಮದು.

ಉಪಸಂಹಾರ

ಗಣಿತಸಾರಸಂಗ್ರಹವನ್ನು ಗಣಿತದ ವಿದ್ಯಾರ್ಥಿಗಳು ಇತಿಹಾಸವೆಂದೂ, ಸಾಹಿತ್ಯದ ವಿದ್ಯಾರ್ಥಿಗಳು ಗಣಿತವೆಂದೂ ಪಕ್ಕಕ್ಕಿಡುವುದನ್ನು ಕಾಣುತ್ತೇವೆ. ಅದನ್ನು ಚಿತ್ತದ ಇತಿಹಾಸದ ಆಕರವಾಗಿಯೂ ಓದಬೇಕೆಂಬುದು ಈ ಲೇಖನದ ಮುಖ್ಯ ಸೂಚನೆ. ಹಾಗೆಯೇ ತುಮಕೂರು, ಹಾಸನ ಜಿಲ್ಲೆಗಳ ಸಂಶೋಧಕರಲ್ಲಿ ಒಂದು ವಿನಂತಿ. ರಾಶಿ ಅಳೆಯುವಾಗ ಒಂದು ಎನ್ನದೆ 'ಲಾಭ' ಎಂದು ಆರಂಭಿಸುವ ಎಣಿಕೆ, ನೂರಕ್ಕೊಂದು ಕಾಯಿಯನ್ನು ಗುರುತಿಗೆ ತೆಗೆದಿಡುವ ಪದ್ಧತಿ, ಅಳಗುಳಿಮಣೆ ಮತ್ತು ಚೌಕಾಬಾರದ ಮನೆಗಳು, ಅಜ್ಜಿಯರ ಲೆಕ್ಕದ ಒಗಟುಗಳು, ಮಂಡಿಯ ಗುಮಾಸ್ತರ ಹಳೆಯ ಕಡತಗಳು, ಇವನ್ನು ಈಗಲೇ ದಾಖಲಿಸಿಕೊಳ್ಳಬೇಕು. ತೂಕದ ಯಂತ್ರ ಬಂದ ಮೇಲೆ ಕಾಯಿ ಎಣಿಸುವ ರಾಗ ಕೇಳಿಸುವುದು ಕಡಿಮೆಯಾಗಿದೆ.

ಮುಂದಿನ ಸಲ ಹೋದಾಗ ಅಟ್ಟ ಖಾಲಿಯಾಗಿತ್ತು. ಕೊಬ್ಬರಿಯನ್ನು ಬಂದ ಬೆಲೆಗೆ ಕೊಟ್ಟಿದ್ದರು. ಎಷ್ಟಕ್ಕೆ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಪತ್ರಿಕೆ ತೊಡೆಯ ಮೇಲಿತ್ತು. ಆನುಪೂರ್ವಿಯ ಮೊದಲ ಕೋಷ್ಠಕವನ್ನು ಮಾವ ಪತ್ರಿಕೆಯ ಅಂಚಿನಲ್ಲಿ ತಮ್ಮ ಕೈಯಿಂದಲೇ ಬರೆದುಕೊಂಡಿದ್ದರು. ನಾಲ್ಕನೆಯ ಸಾಲಿನಲ್ಲಿ ಒಂದು ಅಂಕೆ ತಪ್ಪಿತ್ತು. ನಾನು ಬೆರಳಿಟ್ಟು ತೋರಿಸಿದಾಗ ರೇಗಲಿಲ್ಲ. ಅಳಿಸಿ, ತಿದ್ದಿ, ಮತ್ತೆ ಮೊದಲ ಸಾಲಿನಿಂದ ಓದತೊಡಗಿದರು.